ಮೂವತ್ತೊಂದು ಜೊತೆದನಿ

ಲೋಕಗಾನ ಸ್ಪರ್ಧೆ ಮುಂದಿನ ವರ್ಷ ನಮ್ಮೂರಿನಲ್ಲೇ ನಡೆಯುತ್ತದೆ ಎಂಬ ಸುದ್ದಿ ಬಂದಾಗ ನಾನು ಮೇಲಿನ ಓಣಿಯ ವಾಲ್ವ್ ಗುಂಡಿಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದೆ. ಊರಿಗೆ ನೀರು ಬಿಡುವ ಕೆಲಸ ನನ್ನದು. ಮೊದಲು ಅಪ್ಪ ಮಾಡುತ್ತಿದ್ದ. ಅವನ ಕೈಯಲ್ಲಿ ಬಲ ಕಡಿಮೆಯಾದಾಗ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ನನ್ನ ಕೈಗೆ ಬಂತು, ಪುರಸಭೆಯವರೂ ಬೇಡ ಅನ್ನಲಿಲ್ಲ. ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರೆಲ್ಲ ಒಮ್ಮೆಲೇ ಕೂಗಿದರು: "ಕಸ್ತೂರೀ, ಮ್ಯಾಲೆ ಬಾ ಬೇ! ಗೆದ್ದಾರ, ನಮ್ಮವರು ಗೆದ್ದಾರ!"

ಗೆದ್ದವರು ಕ್ಷೌರದ ಅಂಗಡಿಯ ಮೈಲಾರಿ ಮತ್ತು ಸೈಕಲ್ ರಿಪೇರಿಯ ದಾವಲಸಾಬ. ಎಲ್ಲಿಯದೋ ದೂರದ ಸಮುದ್ರದಂಡೆಯ ಶಹರದಲ್ಲಿ, ಹತ್ತಾರು ದೇಶಗಳ ಟೀವಿಯವರ ಎದುರು ಇಬ್ಬರೂ ಹಾಡಿ ಗೆದ್ದಿದ್ದರು. ಅಲ್ಲಿ ಒಂದು ದೇಶಕ್ಕೆ ಒಬ್ಬರೇ ಹಾಡುಗಾರರು. ನಮ್ಮವರು ಇಬ್ಬರು ಹೋಗಿದ್ದು ವಿಶೇಷ ಅಪ್ಪಣೆ ಪಡೆದು. ಅಲ್ಲಿನ ಮಂದಿ ಬೆರಗಾದದ್ದು ಹಾಡಿಗಿಂತ ಹೆಚ್ಚಾಗಿ ಇಬ್ಬರ ಹೊಂದಿಕೆಗಂತೆ. ಒಂದೇ ಎದೆಯಿಂದ ಎರಡು ಬಾಯಿ ಹಾಡಿದ ಹಾಗಿತ್ತು ಎಂದು ಯಾರೋ ಹೇಳಿದರಂತೆ. ನಮಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ.

ಊರಿನವರಾಗಲಿ ಬಂದವರಾಗಲಿ, ನಮ್ಮೂರಿನಲ್ಲಿ ಒಬ್ಬರೇ ಹಾಡಲು ಆಗುವುದಿಲ್ಲ. ಮಾತು ಬರುತ್ತದೆ, ಬೈಗುಳ ಬರುತ್ತದೆ, ಅಳು ನಗು ಎಲ್ಲ ಬರುತ್ತದೆ. ಹಾಡಬೇಕೆಂದು ಬಾಯಿ ತೆರೆದರೆ ಮಾತ್ರ ಬರೀ ಗಾಳಿ. ಹತ್ತಿರದಲ್ಲಿ ಇನ್ನೊಬ್ಬರು ಜೊತೆದನಿ ಕೊಟ್ಟರೆ ಮಾತ್ರ ದನಿ ಹೊರಬೀಳುತ್ತದೆ. ಜೊತೆದನಿಗೆ ಪದ ಗೊತ್ತಿರಬೇಕಿಲ್ಲ, ತುಟಿ ಮುಚ್ಚಿ ಹೂಂಗುಟ್ಟಿದರೂ ನಡೆಯುತ್ತದೆ. ಆದರೆ ಹಾಡುವವರು ಹಿಡಿದಲ್ಲಿ ಹಿಡಿಯಬೇಕು, ಬಿಟ್ಟಲ್ಲಿ ಬಿಡಬೇಕು. ಇಲ್ಲದಿದ್ದರೆ ಹಾಡುವವರ ದನಿ ಹಳೆಯ ಬಟ್ಟೆಯ ಹಾಗೆ ಪರ್ರೆಂದು ಹರಿಯುತ್ತದೆ. ಹೀಗಾಗಿ ನಮ್ಮಲ್ಲಿ ಹೊಸ ಅಳಿಯನಿಗೆ ಅತ್ತೆ ಮೊದಲು ಕಲಿಸುವುದು ಜೋಗುಳಕ್ಕೆ ಹೂಂಗುಟ್ಟುವುದನ್ನು. ಬಚ್ಚಲಲ್ಲಿ ಹಾಡುವ ಚಟವಿರುವವರು ಬಾಗಿಲ ಹೊರಗೆ ಒಬ್ಬರನ್ನು ಕೂರಿಸಿಕೊಳ್ಳಬೇಕು. ಬೆಳಗಿನಿಂದ ಜಗಳವಾಡಿದ ನೆರೆಮನೆಯವರು ಕೂಡ, ಗೋಡೆಯ ಆಚೆ ಕೂಸು ಅತ್ತಿತೆಂದರೆ ಮುಖ ಊದಿಸಿಕೊಂಡೇ ಜೊತೆದನಿ ಕೊಡುತ್ತಾರೆ. ಜಗಳ ಬೇರೆ, ಜೋಗುಳ ಬೇರೆ.

ಗೆದ್ದವರ ಊರಿನಲ್ಲಿ ಮುಂದಿನ ಸ್ಪರ್ಧೆ ನಡೆಯಬೇಕೆಂಬುದು ಅವರ ನಿಯಮ. ಅಧ್ಯಕ್ಷ ಅಡಿವೆಪ್ಪನವರು ಪುರಸಭೆಯ ಮುಂದೆ ನಿಂತು ಕಂಡಕಂಡವರ ಬಾಯಿಗೆ ಪೇಡೆ ಹಾಕಿದರು. ನಾಲ್ಕನೆಯ ದಿನ ಟೀವಿಯವರ ಕಾಗದ ಬಂತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಪದ್ಮಾಕ್ಷಿ ಅಕ್ಕೋರನ್ನು ಕರೆಸಿ, ಸಭಾಭವನದಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿಸಿದರು. ಹನ್ನೊಂದು ತಿಂಗಳಿಗೆ ಸ್ಪರ್ಧೆ. ಮೂವತ್ತೊಂದು ದೇಶಗಳು ಬರುತ್ತವೆ. ಒಬ್ಬೊಬ್ಬರೇ ವೇದಿಕೆಯ ಮೇಲೆ ನಿಂತು ಹಾಡಬೇಕು, ಮುದ್ರಿಸಿದ ದನಿ ಹಾಕುವಂತಿಲ್ಲ.

"ಒಬ್ಬೊಬ್ಬರ ಅಂದ್ರ?" ಅಂದರು ಅಡಿವೆಪ್ಪ.

"ಒಬ್ಬೊಬ್ಬರ ಅಂದ್ರ ಒಬ್ಬೊಬ್ಬರ ರೀ," ಅಂದರು ಅಕ್ಕೋರು.

ನಾಲ್ಕು ದಿನ ಪೇಡೆ ತಿಂದ ಊರು, ಇದೊಂದನ್ನು ಯಾರೂ ಯೋಚಿಸಿರಲಿಲ್ಲ. ಕಾಗದದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಮೂರು ತಿಂಗಳಿಗೆ ತಮ್ಮ ಒಬ್ಬ ಅಧಿಕಾರಿ ಒಬ್ಬ ಹಾಡುಗಾರನೊಡನೆ ಬಂದು ಜಾಗ ನೋಡುತ್ತಾರೆ, ಹಾಡಿಸಿ ಪರೀಕ್ಷಿಸುತ್ತಾರೆ, ಸರಿಬಾರದಿದ್ದರೆ ಸ್ಪರ್ಧೆಯನ್ನು ಬೇರೆ ಊರಿಗೆ ಕೊಡುತ್ತಾರೆ. ಯಾರೋ ಊರಿನ ಗಡಿಕಲ್ಲಿನ ಆಚೆ ಚಪ್ಪರ ಹಾಕೋಣ, ಅಲ್ಲಿ ಎಲ್ಲರಿಗೂ ಒಂಟಿದನಿ ಬರುತ್ತದಲ್ಲ ಅಂದರು. ಅಡಿವೆಪ್ಪನವರು ಮೇಜು ಗುದ್ದಿದರು. "ಗಡಿ ಆಚೆ ಮಾಡಿದ್ರ ನಮ್ಮೂರಾಗ ಮಾಡಿಧಂಗ ಹೆಂಗ ಆಕೈತಿ? ಬಂದವರು ಬೀಗರಿದ್ದಂಗ. ಬೀಗರನ್ನ ಹೊಲದಾಗ ನಿಂದರಿಸಿ ಉಣ್ಣಾಕ ಹಾಕತೀರೇನು? ಒಬ್ಬೊಬ್ಬರಿಗೆ ಒಬ್ಬೊಬ್ಬರು ಜೊತೆದನಿ ಕೊಡೂಣು. ವೇದಿಕೆ ಕೆಳಗ ಕುಂತು ಕೊಡೂಣು. ಟೀವಿಯಾಗ ಕಾಣೂದು ಬ್ಯಾಡ."

ಆಮೇಲೆ ನನ್ನ ಕಡೆ ತಿರುಗಿದರು. "ಕಸ್ತೂರಿ, ಯಾರ ಮನ್ಯಾಗ ಯಾರು ಹೆಂಗ ಹಾಡತಾರ ಅನ್ನೂದು ನಿನಗ ಗೊತ್ತಿದ್ದಷ್ಟು ಬ್ಯಾರೆಯವರಿಗೆ ಗೊತ್ತಿಲ್ಲ. ನೀರು ಬರೂ ಹೊತ್ತಿನಾಗ ಊರಿಗೆ ಊರ ಹಾಡತೈತಿ. ಮೂವತ್ತೊಂದು ಮಂದಿನ್ನ ನೀನ ಆರಿಸು."

"ನಾ ಹಾಡೂದು ಬಿಟ್ಟು ಒಂಬತ್ತು ವರ್ಷ ಆತ್ರಿ," ಅಂದೆ.

"ಹಾಡು ಅನ್ನಾಕತ್ತಿಲ್ಲ ಯವ್ವಾ, ಆರಿಸು ಅನ್ನಾಕತ್ತೀನಿ."

ಮರುದಿನದಿಂದ ನೀರಿನ ಪಾಳಿ ಮುಗಿಸಿ ಮನೆಮನೆ ತಿರುಗಿದೆ. ಮೊದಲ ವಾರ ನೂರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ವೇದಿಕೆಯ ಕೆಳಗೆ ಕೂರಬೇಕು, ಮುಖ ಕಾಣಿಸುವುದಿಲ್ಲ ಅಂದ ಮೇಲೆ ಎರಡನೆಯ ವಾರ ಅರ್ಧಕ್ಕರ್ಧ ಮಂದಿಗೆ ಸೊಂಟನೋವು ಬಂತು. ಹೊಸ ಅಂಗಿ ಹೊಲಿಸಿಕೊಂಡಿದ್ದ ಒಬ್ಬರು, ಕೆಳಗೆ ಕುಳಿತರೂ ಒಂದು ಕೈಯಾದರೂ ಹೊರಗೆ ಕಾಣಿಸಬಹುದೇ ಎಂದು ಕೇಳಿದರು. ಉಳಿದವರಲ್ಲಿ ಮೂವತ್ತು ಮಂದಿಯನ್ನು ಆರಿಸಿದೆ. ಹೆಚ್ಚಿನವರು ನಳದ ಹತ್ತಿರ ದಿನಾ ಸಿಗುವ ಹೆಂಗಸರು, ಇಬ್ಬರು ಬಡಿಗರು, ಒಬ್ಬ ಅಂಚೆಯವನು. ಮೂವತ್ತೊಂದನೆಯ ಹೆಸರಿನ ಜಾಗ ಖಾಲಿ ಬಿಟ್ಟೆ. ಯಾಕೆ ಬಿಟ್ಟೆನೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಭ್ಯಾಸಕ್ಕೆ ಪರವೂರಿನವರು ಬೇಕಿತ್ತು. ಯಂತ್ರದೊಳಗಿನ ಹಾಡಿಗೆ ಜೊತೆದನಿ ಕೊಟ್ಟು ಕಲಿಯಲು ಬರುವುದಿಲ್ಲ, ಅದಕ್ಕೆ ಉಸಿರಿಲ್ಲ. ಹೀಗಾಗಿ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ಬದಲಿಸಲು ಇಳಿದವರನ್ನು ಹಿಡಿದು, ಚಹಾ ಕುಡಿಸಿ, ಒಂದು ಹಾಡು ಹಾಡ್ರಿ ಎಂದು ಕೇಳುತ್ತಿದ್ದೆವು. ಪಾಪ, ಅವರು ಬಾಯಿ ತೆರೆದರೆ ದನಿಯಿಲ್ಲ. ಒಬ್ಬ ಬಟ್ಟೆ ವ್ಯಾಪಾರಿ ಗಂಟಲು ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದು, "ಚಹಾದಾಗ ಏನು ಹಾಕೀರಿ?" ಎಂದು ಕೂಗಾಡಿದ. ನಮ್ಮವರು ಜೊತೆದನಿ ಕೊಟ್ಟರೆ ದನಿ ಬರುತ್ತಿತ್ತು, ಆದರೆ ಎರಡು ಸಾಲು ದಾಟುವುದರೊಳಗೆ ಹರಿದುಹೋಗುತ್ತಿತ್ತು. ಗೊತ್ತಿಲ್ಲದ ಹಾಡು, ಗೊತ್ತಿಲ್ಲದ ಭಾಷೆ. ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ ಎಂದು ಕಿವಿ ನಿಮಿರಿಸಿ ಕಾಯುವುದರೊಳಗೆ ಅರ್ಧ ಉಸಿರು ತಡವಾಗುತ್ತಿತ್ತು. ಎರಡು ತಿಂಗಳು ಕಳೆಯಿತು. ಮೂವತ್ತು ಮಂದಿಯಲ್ಲಿ ಒಬ್ಬರೂ ಪರವೂರಿನವರ ಒಂದು ಹಾಡನ್ನು ದಡ ಮುಟ್ಟಿಸಿರಲಿಲ್ಲ.

ಆಗ ನಳದ ಹತ್ತಿರ ಅಂಚೆಯವನ ಹೆಂಡತಿ ಬಾಯಿಬಿಟ್ಟೇ ಹೇಳಿದಳು. "ಕಸ್ತೂರಿ, ಸಿಟ್ಟು ಮಾಡಬ್ಯಾಡ. ದುಂಡವ್ವನ್ನ ಕರಿ. ಹಕ್ಕಿ ಹಾಡಿದ್ರೂ ಜೊತೆದನಿ ಕೊಡತಿದ್ದಾಕಿ ಆಕಿ ಒಬ್ಬಾಕೇ."

ದುಂಡವ್ವ ಕೆಳಗಿನ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನಾವಿಬ್ಬರೂ ಏಳನೆಯ ವಯಸ್ಸಿನಿಂದ ಒಟ್ಟಿಗೆ ಹಾಡಿದವರು. ಮೂವತ್ತು ವರ್ಷ ಹಾಡಿದೆವು. ನಾನು ಹಾಡುವುದು, ಅವಳು ಜೊತೆದನಿ. ನಾನು ಹಾಡಿನ ನಡುವೆ ಮನಸ್ಸು ಬಂದ ಕಡೆ ತಿರುಗಿದರೂ ಅವಳು ಅಲ್ಲಿಗೆ ನನಗಿಂತ ಮೊದಲೇ ಹೋಗಿ ಕುಳಿತಿರುತ್ತಿದ್ದಳು. ಹೆಸರು ನನ್ನದಾಯಿತು. ಸೀರೆ, ಶಾಲು, ಹಾರ ಎಲ್ಲ ನನಗೆ ಬಂದವು. ಅವಳು ಒಂದು ದಿನವೂ ಮುಖ ಸಣ್ಣದು ಮಾಡಿದವಳಲ್ಲ.

ಒಂಬತ್ತು ವರ್ಷದ ಹಿಂದೆ ಪುರಸಭೆಯ ಐವತ್ತನೆಯ ವರ್ಷದ ಸಮಾರಂಭದಲ್ಲಿ, ಇಡೀ ಊರು ಕೂತಿರುವಾಗ, ಹಾಡಿನ ಮೂರನೆಯ ನುಡಿಯಲ್ಲಿ ದುಂಡವ್ವ ಬಾಯಿ ಮುಚ್ಚಿದಳು. ನನ್ನ ದನಿ ಕತ್ತರಿಸಿದ ಹಾಗೆ ನಿಂತಿತು. ಕೈ ಮೇಲೆತ್ತಿ, ಬಾಯಿ ತೆರೆದು, ಬರೀ ಗಾಳಿ ಬಿಡುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೋ. ತಿರುಗಿ ನೋಡಿದರೆ ಅವಳು ಮೆಟ್ಟಿಲಿಳಿದು ಹೋಗುತ್ತಿದ್ದಳು. ನಮ್ಮೂರಿನಲ್ಲಿ ನಡುಹಾಡಿನಲ್ಲಿ ಬಿಟ್ಟುಹೋಗುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಮೂವತ್ತು ವರ್ಷದ ಹೊಟ್ಟೆಕಿಚ್ಚನ್ನು ಒಂದೇ ದಿನ ತೀರಿಸಿಕೊಂಡಳು ಎಂದು ಕೆಲವರು ಅಂದರು. ನಾನೂ ನಂಬಿದೆ. ಅವಳು ಬಂದು ಕಾರಣ ಹೇಳಲಿ ಎಂದು ತಿಂಗಳುಗಟ್ಟಲೆ ಕಾದೆ. ಬರಲಿಲ್ಲ. ಆಮೇಲೆ ಯಾರೊಡನೆಯೂ ಹಾಡಲು ಧೈರ್ಯವಾಗಲಿಲ್ಲ. ಒಮ್ಮೆ ಗಡಿಕಲ್ಲು ದಾಟಿ ಹೋಗಿ ಒಬ್ಬಳೇ ಹಾಡಿ ನೋಡಿದೆ. ದನಿ ಬಂತು. ಖಾಲಿ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ ಕೇಳಿಸಿತು. ವಾಪಸು ಬಂದೆ. ಜೋಳ ಬೀಸಿಸಲು ಅವಳ ಗಿರಣಿ ಬಿಟ್ಟು ಎರಡು ಮೈಲಿ ನಡೆದು ಬೇರೆ ಗಿರಣಿಗೆ ಹೋಗುತ್ತಿದ್ದೆ. ಅವಳ ಓಣಿಗೆ ಮಾತ್ರ ಒಂದು ದಿನವೂ ನೀರು ತಪ್ಪಿಸಲಿಲ್ಲ. ನೀರಿನಲ್ಲಿ ದ್ವೇಷ ಮಾಡಬಾರದೆಂದು ಅಪ್ಪ ಕೀಲಿ ಕೊಡುವಾಗಲೇ ಹೇಳಿದ್ದ.

ಅಂಚೆಯವನ ಹೆಂಡತಿ ಹೇಳಿದ ಮೇಲೆ ಎರಡು ದಿನ ಸುಮ್ಮನಿದ್ದೆ. ಊರಿನ ಮಾನ ಹೋಗುವ ಹೊತ್ತು, ತಪಾಸಣೆಗೆ ಇನ್ನು ಇಪ್ಪತ್ತೆಂಟು ದಿನ. ಮೂರನೆಯ ದಿನ ಒಂದು ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಅವಳ ಗಿರಣಿಗೆ ಹೋದೆ. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿತ್ತು.

ಗಿರಣಿ ಓಡುತ್ತಿತ್ತು. ಬೆಲ್ಟಿನ ಸದ್ದಿಗೆ ನೆಲವೇ ನಡುಗುತ್ತಿತ್ತು. ದುಂಡವ್ವ ಹುಬ್ಬಿನವರೆಗೆ ಬಿಳಿ ಹಿಟ್ಟು ಮೆತ್ತಿಕೊಂಡು ಗಾಳಿಯ ಕಡೆ ಬೆನ್ನು ಮಾಡಿ ನಿಂತಿದ್ದಳು. ನನ್ನನ್ನು ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಡಬ್ಬಿ ಇಸಿದುಕೊಂಡು ಸಾಲಿನಲ್ಲಿಟ್ಟಳು. ಪಾಳಿಗೆ ನಿಂತವರು ಕೂಗಿ ಮಾತಾಡುತ್ತಿದ್ದರು, ಅವಳೂ ಅವರ ತುಟಿಯ ಕಡೆ ನೋಡುತ್ತ ಕೂಗಿಯೇ ಉತ್ತರ ಕೊಡುತ್ತಿದ್ದಳು. ಒಬ್ಬೊಬ್ಬರೇ ಹಿಟ್ಟು ತೆಗೆದುಕೊಂಡು ಹೋದರು. ನನ್ನ ಜೋಳ ಸುರಿಯುವ ಹೊತ್ತಿಗೆ ನಾವಿಬ್ಬರೇ ಉಳಿದೆವು. ಆಗ ಕರೆಂಟು ಹೋಯಿತು.

ಬೆಲ್ಟು ಎರಡು ಸುತ್ತು ತಿರುಗಿ ನಿಂತಿತು. ಅಷ್ಟು ಹೊತ್ತಿನ ಸದ್ದಿನ ಮೇಲೆ ಆ ಮೌನ ಕಿವಿಗೆ ಹೊಡೆಯಿತು. ಅವಳು ನನ್ನ ಕಡೆ ಬೆನ್ನು ಮಾಡಿ ಜಾಲರಿಯ ಹಿಟ್ಟು ಬಳಿಯುತ್ತಿದ್ದಳು. ಮುಖ ಕಾಣದಿರುವುದೇ ಒಳ್ಳೆಯದಾಯಿತು ಎಂದು ನಾನು ಬಾಯಿಬಿಟ್ಟೆ.

"ದುಂಡೀ, ಅವತ್ತು ಯಾಕ ಬಿಟ್ಟು ಹೋದಿ?"

ಅವಳು ಬಳಿಯುತ್ತಲೇ ಇದ್ದಳು. ಸೊಕ್ಕು ಎಂದುಕೊಂಡೆ. "ಒಂಬತ್ತು ವರ್ಷ ಆತು ಬೇ! ಒಂದು ಮಾತರ ಹೇಳಬಾರದಿತ್ತೇನು?" ಎಂದು ಕಿರುಚಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು. ಅವಳು ಮಾತ್ರ ತಿರುಗಲಿಲ್ಲ. ಬೆನ್ನು ಕೂಡ ಅಲುಗಲಿಲ್ಲ. ಹಿಟ್ಟು ಬಳಿಯುವ ಕೈ ಅದೇ ಹದದಲ್ಲಿ ಆಡುತ್ತಿತ್ತು.

ಹೋಗಿ ಅವಳ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದಳು. ನನ್ನ ಮುಖ ನೋಡಿದಳು, ಆಮೇಲೆ ನಿಂತ ಬೆಲ್ಟಿನ ಕಡೆ ನೋಡಿದಳು. ನನಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟಳು.

"ಯಾವಾಗಿಂದ?" ಎಂದೆ, ಅವಳ ಎದುರು ಕೂತು, ತುಟಿ ಅಗಲಿಸಿ.

"ಅವತ್ತಿಗೆ ಎರಡು ವರ್ಷ ಮೊದಲ ಶುರು ಆಗಿತ್ತು. ಗಿರಣಿ ಸದ್ದು ಒಂದೊಂದ ಮಾಡಿ ಎಲ್ಲಾ ದನಿ ತಿಂತು. ಅವತ್ತು ಮೂರನೇ ನುಡಿಯಾಗ ನಿನ್ನ ದನಿನೂ ಹೋತು. ಪೂರಾ. ನಾ ತಪ್ಪಿದ್ರ ಅಷ್ಟು ಮಂದ್ಯಾಗ ನಿನ್ನ ದನಿ ಹರೀತಿತ್ತು. ಹರಿಯೂದಕ್ಕಿಂತ ನಿಲ್ಲೂದು ಲೇಸು ಅನಿಸ್ತು. ಬಾಯಿ ಮುಚ್ಚಿದೆ."

"ಬಂದು ಹೇಳಬೇಕಿಲ್ಲೇನು?"

"ಹೇಳಿದ್ರ ನೀ ಏನು ಮಾಡತಿದ್ದಿ? ನನ್ನ ಸಲುವಾಗಿ ನೀನೂ ಹಾಡೂದು ಬಿಡತಿದ್ದಿ. ಸಿಟ್ಟಾದ್ರ ಬ್ಯಾರೆ ಯಾರನ್ನರ ಜೊತಿ ಹಿಡೀತಿ, ಹಾಡತೀ ಅಂದ್ಕೊಂಡೆ."

"ಸಿಟ್ಟಾಗಿನೂ ಹಾಡೂದು ಬಿಟ್ಟೆನಲ್ಲ ಬೇ."

"ನೀ ಹಾಡೂದು ಬಿಟ್ಟಿ ಅಂತ ನನಗ ಯಾರು ಹೇಳಬೇಕು? ಹೇಳಿದ್ರೂ ಕೇಳಬೇಕಲ್ಲ," ಅಂದಳು. ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣೀರಿಗೆ ಹಿಟ್ಟು ಕಲೆತು ಕೆನ್ನೆಯ ಮೇಲೆ ಎರಡು ಗೆರೆ ಮೂಡಿತು. ಒಂಬತ್ತು ವರ್ಷ ನಾನು ಹೊತ್ತ ಸಿಟ್ಟನ್ನು ಎಲ್ಲಿ ಇಳಿಸಲಿ ಎಂದು ನನಗೆ ತಿಳಿಯಲಿಲ್ಲ. ಅದು ಅಲ್ಲೇ ಎಲ್ಲೋ ಚೀಲಗಳ ನಡುವೆ ಬಿದ್ದುಹೋಯಿತು.

ಬಂದ ಕೆಲಸ ಹೇಳಿದೆ. ಅವಳು ಕೈಯಾಡಿಸಿದಳು. ಕಿವುಡಿಯನ್ನು ಕರೆದು ಊರಿನ ಮಾನ ಕಳೆಯಬೇಡ ಅಂದಳು. ನಾನು ಏಳಲು ಹೋದೆ. ಆಗ ಅವಳೇ ನನ್ನ ರಟ್ಟೆ ಹಿಡಿದಳು. "ಒಂದು ಸಲ ಹಾಡು. ಹೆಂಗೂ ದನಿ ಬರೂದಿಲ್ಲ. ನೀ ಹಾಡೂದು ನೋಡಿ ಬಾಳ ದಿನ ಆತು, ನೋಡತೀನಿ."

ಬಾಯಿ ತೆರೆದೆ. ಗಾಳಿಯೇ ಬಂತು. ಅವಳು ನನ್ನ ಹಿಂದೆ ಬಂದು ನಿಂತು, ಎರಡು ಹೆಗಲಿನ ನಡುವೆ ಅಂಗೈ ಇಟ್ಟಳು. ಅಭ್ಯಾಸಬಲವೋ ಏನೋ, ತುಟಿ ಮುಚ್ಚಿ ಹೂಂಗುಟ್ಟಿರಬೇಕು. ನನ್ನ ದನಿ ಹೊರಬಿತ್ತು. ಒಂಬತ್ತು ವರ್ಷ ಮುಚ್ಚಿದ್ದ ನಳದ ಹಾಗೆ ಮೊದಲು ಕೆಂಪಾಗಿ, ಕೆಸರಿನೊಡನೆ ಬಂತು, ಆಮೇಲೆ ತಿಳಿಯಾಯಿತು. ಮೂರು ನುಡಿ ಹಾಡಿದೆ. ನಾಲ್ಕನೆಯದನ್ನೂ ಹಾಡಿದೆ. ಎಲ್ಲೂ ಹರಿಯಲಿಲ್ಲ. ತಿರುಗಿ ನೋಡಿದರೆ ಅವಳ ಅಂಗೈ ನನ್ನ ಬೆನ್ನಿನ ಮೇಲಿರಲಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ನನ್ನ ಬೆನ್ನನ್ನೇ ನೋಡುತ್ತಿದ್ದಳು.

"ಕಿವಿ ಬೇಕಾಗೂದಿಲ್ಲ, ಕಸ್ತೂರಿ," ಅಂದಳು ನಿಧಾನವಾಗಿ, ತನಗೇ ನಂಬಿಕೆಯಿಲ್ಲದವಳ ಹಾಗೆ. "ನೀ ಎಲ್ಲಿ ತಿರುಗತೀ ಅನ್ನೂದು ದನಿಗಿಂತ ಮೊದಲ ಹೆಗಲಿಗೆ ಗೊತ್ತಾಕೈತಿ. ಉಸಿರು ಮೊದಲ ಹೋಗತೈತಿ, ದನಿ ಹಿಂದಿಂದ ಬರತೈತಿ. ನಾ ಹಿಂದೂ ಹಂಗ ಮಾಡತಿದ್ದೆನೋ ಏನೋ. ಕಿವಿಲೆ ಮಾಡಾಕತ್ತೀನಿ ಅಂದ್ಕೊಂಡಿದ್ದೆ."

ಮರುದಿನವೇ ಅವಳು ಬಸ್‌ಸ್ಟ್ಯಾಂಡಿಗೆ ಬಂದಳು, ಕೈಯಲ್ಲಿ ಒಂದು ಹಿಡಿ ಹತ್ತಿ. ಮೂವತ್ತೂ ಮಂದಿಯ ಕಿವಿಗೆ ಹತ್ತಿ ತುರುಕಿದಳು. "ಕೇಳಬ್ಯಾಡ್ರಿ. ನೋಡ್ರಿ," ಎಂದಳು. ಮೊದಲ ದಿನ ಗದ್ದಲವೋ ಗದ್ದಲ. ಮೂರನೆಯ ದಿನ ಅಂಚೆಯವನು ಬೇರೆ ಭಾಷೆಯ ಒಬ್ಬ ಲಾರಿ ಚಾಲಕನ ಇಡೀ ಹಾಡನ್ನು ದಡ ಮುಟ್ಟಿಸಿದ. ಚಾಲಕ ಇಳಿದ ಕೆಲಸ ಮರೆತು ಇನ್ನೂ ಎರಡು ಹಾಡಿದ. ಮೂರು ವಾರದಲ್ಲಿ ಇಪ್ಪತ್ತಾರು ಮಂದಿ ಕಲಿತರು, ಉಳಿದ ನಾಲ್ವರು ಕಲಿಯುವ ಹಾದಿಯಲ್ಲಿದ್ದರು. ಪಟ್ಟಿಯ ಖಾಲಿ ಜಾಗದಲ್ಲಿ ನಾನು ದುಂಡವ್ವ ಎಂದು ಬರೆದೆ.

ಅಡಿವೆಪ್ಪನವರಿಗೆ ಮಾತ್ರ ಹೆದರಿಕೆ. "ತಪಾಸಣೆಗೆ ಆಕಿನ್ನ ಕುಂದರಸೂಣು. ಆದ್ರ ಕಿವಿ ಕೇಳಂಗಿಲ್ಲ ಅನ್ನೂದು ಅವರ ಮುಂದ ಎತ್ತಬ್ಯಾಡ್ರಿ," ಎಂದು ನನಗೂ ಅಕ್ಕೋರಿಗೂ ಕಟ್ಟಪ್ಪಣೆ ಮಾಡಿದರು.

ತಪಾಸಣೆಗೆ ಬಂದವಳ ಹೆಸರು ಇಲ್ಮಾ. ಐವತ್ತರ ಹೆಂಗಸು, ಕಡಿಮೆ ಮಾತು, ಕುತ್ತಿಗೆಯಲ್ಲಿ ಅಳತೆಯ ಟೇಪು. ಜೊತೆಗೆ ಯೋರೆನ್ ಎಂಬ ಹಾಡುಗಾರ, ನಮ್ಮ ಬಾಗಿಲುಗಳಿಗೆ ತಲೆ ತಗಲುವಷ್ಟು ಎತ್ತರದವನು. ಹಳೆಯ ಹತ್ತಿ ಮಾರುಕಟ್ಟೆಯ ದೊಡ್ಡ ಶೆಡ್ಡಿನಲ್ಲಿ ಬಡಿಗರು ಹಲಗೆಯ ವೇದಿಕೆ ಕಟ್ಟಿದ್ದರು. ಊರೆಲ್ಲ ಸುತ್ತ ನಿಂತಿತ್ತು. ಇಲ್ಮಾ ಮೂಲೆಮೂಲೆ ಅಳೆದಳು, ಚಪ್ಪಾಳೆ ತಟ್ಟಿ ಸದ್ದು ನೋಡಿದಳು. ದುಂಡವ್ವ ವೇದಿಕೆಯ ಕೆಳಗೆ ಹೋಗಿ ಕುಳಿತಳು. ಯೋರೆನ್ ಹಾಡಲು ಬಾಯಿ ತೆರೆದ.

ಗಾಳಿ ಬಂತು. ಕೆಳಗಿನಿಂದ ಹೂಂಕಾರ ಕೇಳಿತು, ದನಿ ಒಮ್ಮೆ ಹೊರಟು ಪರ್ರೆಂದು ಹರಿಯಿತು. ಅವನ ಮುಖ ಸುಣ್ಣದ ಹಾಗಾಯಿತು. ಮತ್ತೆ ಹಾಗೆಯೇ ಆಯಿತು. ಇಲ್ಮಾ ಪುಸ್ತಕ ತೆರೆದು ಏನೋ ಬರೆದುಕೊಂಡಳು. ನನಗೆ ಆಗ ಹೊಳೆಯಿತು. ಇಷ್ಟು ದಿನ ಬಯಲಿನಲ್ಲಿ ನಿಂತು ಕಲಿತಿದ್ದೆವು. ಹಲಗೆಯ ಕೆಳಗೆ ಕುಳಿತರೆ ಬೆನ್ನು ಎಲ್ಲಿ ಕಾಣಬೇಕು?

ನಾನು ಬಾಯಿ ತೆರೆಯುವ ಮೊದಲೇ ದುಂಡವ್ವ ಕೆಳಗಿನಿಂದ ಹೊರಬಂದಳು. ಚಪ್ಪಲಿ ಬಿಟ್ಟು ಮೆಟ್ಟಿಲೇರಿ, ಎಲ್ಲರ ಎದುರು, ಗಿರಣಿಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿದಳು. "ಅಕ್ಕೋರ, ಆ ಹೆಣಮಗಳಿಗೆ ಹೇಳ್ರಿ. ನನಗ ಕಿವಿ ಕೇಳಂಗಿಲ್ಲ. ಇವನ ಬೆನ್ನು ಕಾಣಬೇಕು. ಬೆನ್ನು ಕಂಡ್ರ ಹಾಡಸ್ತೀನಿ."

ಅಡಿವೆಪ್ಪನವರು ಕಣ್ಣು ಮುಚ್ಚಿಕೊಂಡರು. ಅಕ್ಕೋರು ಅವರ ಕಡೆ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಇಲ್ಮಾಳ ಬರೆಯುವ ಕೈ ನಿಂತಿತು. ವೇದಿಕೆಯ ಮೇಲೆ ಹಾಡುಗಾರನಲ್ಲದೆ ಬೇರೆ ಯಾರೂ ಇರಬಾರದೆಂದು ನಿಯಮವಿದೆ ಅಂದಳು. ಆಮೇಲೆ ಯೋರೆನ್‌ನನ್ನು ಏನೋ ಕೇಳಿದಳು. ಅವನು ದುಂಡವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತಲೆಯಾಡಿಸಿ, ಅವಳಿಗೆ ಬೆನ್ನು ಮಾಡಿ ನಿಂತ.

ದುಂಡವ್ವ ಎರಡು ಹೆಜ್ಜೆ ಹಿಂದೆ, ಬರಿಗಾಲನ್ನು ಹಲಗೆಗೆ ಒತ್ತಿ ನಿಂತಳು. ಅವನ ಹೆಗಲು ಏರಿತು, ಅವಳ ಹೆಗಲೂ ಏರಿತು. ದನಿ ಹೊರಟಿತು. ಅವನ ದೇಶದ ಭಾಷೆ ನಮಗಾರಿಗೂ ಗೊತ್ತಿಲ್ಲ, ಹಾಡು ಯಾವುದರ ಮೇಲೆಂದು ಈಗಲೂ ಗೊತ್ತಿಲ್ಲ. ನಡುವೆ ಒಂದು ಕಡೆ ದನಿ ಬಹಳ ಎತ್ತರಕ್ಕೆ ಹೋಗಿ, ಅಲ್ಲೇ ನಿಂತು, ಬೀಳುತ್ತದೆ ಅನ್ನುವಾಗ ಪಕ್ಕಕ್ಕೆ ಸರಿದು ಇಳಿಯಿತು. ನನ್ನ ಪಕ್ಕ ನಿಂತಿದ್ದ ಮೂವತ್ತು ಜನರ ಹೆಗಲೂ ಅದರೊಡನೆ ಇಳಿದವು. ಹಾಡು ಮುಗಿದಾಗ ಚಪ್ಪಾಳೆ ತಟ್ಟುವುದನ್ನು ಎಲ್ಲರೂ ಮರೆತಿದ್ದರು.

ಯೋರೆನ್ ತಿರುಗಿ ದುಂಡವ್ವನ ಎರಡೂ ಕೈ ಹಿಡಿದುಕೊಂಡ. ಏನೋ ಹೇಳಿದ. ಅಕ್ಕೋರು ಅವಳ ಎದುರು ನಿಂತು ನಿಧಾನವಾಗಿ ಕನ್ನಡದಲ್ಲಿ ಹೇಳಿದರು. ಹದಿನಾಲ್ಕು ವರ್ಷದಿಂದ ಹಾಡುತ್ತಿದ್ದಾನಂತೆ. ಪ್ರತಿ ಸಲವೂ ವೇದಿಕೆ ಹತ್ತುವ ಮೊದಲು ಹೆದರಿಕೆಗೆ ವಾಂತಿಯಾಗುತ್ತದಂತೆ. ಈವತ್ತೂ ಆಗಿತ್ತಂತೆ. ಆದರೆ ಹಾಡುವಾಗ ಮೊದಲ ಸಲ ಬೆನ್ನು ಬೆಚ್ಚಗಿತ್ತಂತೆ.

ದುಂಡವ್ವ ಅವನ ಕೆನ್ನೆ ಸವರಿದಳು. "ಹೊಟ್ಟಿ ಖಾಲಿ ಐತಿ ಹಂಗಾರ. ಮೊದಲ ಇವನಿಗೆ ಉಣ್ಣಾಕ ಹಾಕ್ರಿ," ಅಂದಳು.

ಇಪ್ಪತ್ತು ದಿನಕ್ಕೆ ಕಾಗದ ಬಂತು. ಸ್ಪರ್ಧೆ ನಮ್ಮೂರಿನಲ್ಲೇ. ನಿಯಮ ತಿದ್ದಿದ್ದಾರೆ. ಜೊತೆದನಿಯವರು ವೇದಿಕೆಯ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಬೇಕು. ಟೀವಿಯಲ್ಲಿ ಹಾಡುಗಾರರ ಹೆಸರಿನ ಪಕ್ಕದಲ್ಲಿ ಅವರ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು. ಹಲಗೆ ಗಟ್ಟಿಯಿರಲಿ, ಬರಿಗಾಲಿಗೆ ಅದರ ಅದುರು ತಾಗಬೇಕು, ಮೇಲೆ ಜಮಖಾನೆ ಹಾಸಬಾರದು ಎಂದು ಇಲ್ಮಾ ತನ್ನ ಕೈಯಿಂದಲೇ ಕೆಳಗೆ ಬರೆದಿದ್ದಳು. ಸುದ್ದಿ ಕೇಳಿ ಸೊಂಟನೋವಿನವರೆಲ್ಲ ಗುಣವಾಗಿ ಬಂದು ಪುರಸಭೆಯ ಬಾಗಿಲಲ್ಲಿ ನಿಂತರು.

ಇನ್ನು ಏಳು ತಿಂಗಳಿಗೆ ಬರುವ ಮಂದಿಗೆಲ್ಲ ನೀರು ಹೇಗೆ ಪೂರೈಸುವುದೆಂದು ನಾನು ಲೆಕ್ಕ ಹಾಕುತ್ತಿರಬೇಕಿತ್ತು. ಬಿಟ್ಟು, ಕಾಗದ ಹಿಡಿದುಕೊಂಡು ಗಿರಣಿಗೆ ಓಡಿದೆ. ಪಾಳಿಯಲ್ಲಿ ಹತ್ತು ಜನ ನಿಂತಿದ್ದರು. ಬೆಲ್ಟಿನ ಸದ್ದಿನಲ್ಲಿ ನಾನು ಕೂಗಲು ಹೋಗಲಿಲ್ಲ. ಅವಳ ಎದುರು ನಿಂತು, ದನಿಯಿಲ್ಲದೆ, ತುಟಿಯಿಂದಲೇ ಎಲ್ಲ ಹೇಳಿದೆ. ಅವಳು ತುಟಿಯಿಂದಲೇ ಎಲ್ಲ ಕೇಳಿದಳು. ಆಮೇಲೆ ಕೈ ಚಾಚಿ ಗಿರಣಿ ನಿಲ್ಲಿಸಿದಳು. ಪಾಳಿಯವರು ಗೊಣಗಿದರು. "ಸ್ವಲ್ಪ ತಡೀರಿ, ಇಬ್ಬರು ಹಾಡಾಕತ್ತೀವಿ," ಎಂದು ಅವಳು ಅವರಿಗೆ ಬೆನ್ನು ಮಾಡಿದಳು.

ಹಾಡಿದೆವು. ಮುಗಿದ ಮೇಲೆ ನಾನು ಅಲ್ಲಿಯೇ ನಿಂತೆ. ನಮ್ಮೂರಿನಲ್ಲಿ ಜೊತೆದನಿಗೆ ಉಪಕಾರ ಹೇಳುವ ಪದ್ಧತಿಯಿಲ್ಲ. ತನ್ನ ಉಸಿರಿಗೆ ತಾನೇ ಯಾರಾದರೂ ಉಪಕಾರ ಹೇಳುತ್ತಾರೆಯೇ? ಮೂವತ್ತು ವರ್ಷ ಅವಳ ಬೆಂಬಲದ ಮೇಲೆ ಸೀರೆ ಶಾಲು ಹೊದ್ದ ನಾನು ಒಂದು ದಿನವೂ ಹೇಳಿರಲಿಲ್ಲ. ಎಲ್ಲಿಯದೋ ದೇಶದವರಿಗೆ ನಮ್ಮೂರಿನಲ್ಲಿ ಒಂಟಿದನಿ ಬರುವುದಿಲ್ಲ ಎಂಬ ಕಾರಣಕ್ಕೆ ಅಲ್ಲವೇ ನಾನು ಈ ಹೊಸಿಲು ತುಳಿದದ್ದು. ಅವರಿಗೂ ಮನಸ್ಸಿನಲ್ಲಿ ಕೈ ಮುಗಿದೆ. ಆಮೇಲೆ ಅವಳ ಮುಖ ನನ್ನ ಕಡೆ ತಿರುಗಿಸಿಕೊಂಡು ಹೇಳಿದೆ.

"ಉಪಕಾರ ಆತು, ದುಂಡೀ."

ಅವಳು ಹುಬ್ಬು ಗಂಟಿಕ್ಕಿದಳು. "ಏನಂದಿ? ತಿಳೀಲಿಲ್ಲ. ಬಾಯಿ ಸರಿಯಾಗಿ ತೆರದು ಹೇಳು."

ಮತ್ತೆ ಹೇಳಿದೆ. ಮತ್ತೂ ತಿಳಿಯಲಿಲ್ಲ ಎಂದು ತಲೆಯಾಡಿಸಿದಳು. ಪಾಳಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಮೂರನೆಯ ಸಲ ಇಡೀ ಓಣಿಗೆ ಕೇಳುವ ಹಾಗೆ ಕೂಗಿ ಹೇಳಿದೆ. ಮೊದಲನೆಯ ಸಲವೇ ಅವಳಿಗೆ ತಿಳಿದಿತ್ತು ಎಂಬುದು ಅವಳ ತುಟಿಯ ಮೂಲೆ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ನಾಲ್ಕನೆಯ ಸಲವೂ ಹೇಳಿದೆ.